ದಾಲ್ ಮಿಲ್‌ಗೆ ದೂಳು ಹೀರುವ ವ್ಯವಸ್ಥೆ: ಡಿಸೈನ್ ಆರಿಸುವುದು ಹೇಗೆ?

ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಆ ಬೇಳೆ ಒಡೆಯುವ ಮಿಲ್‌ಗಳಲ್ಲಿ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕೆಲಸ ಮಾಡುವವರ ಎದೆಗೂ ಒಳ್ಳೆಯ ಗಾಳಿ ಸಿಗಬೇಕು, ಅಲ್ವಾ? ದೂಳು ಹೀರುವ ವ್ಯವಸ್ಥೆ ಹಾಕಿಸುವವರು ಮಷೀನಿನ ಕ್ಯಾಟಲಾಗ್ ಬದಿಗಿಟ್ಟು, ದೂಳು ಏಳುವ ಜಾಗದಿಂದಲೇ ಲೆಕ್ಕ ಶುರು ಮಾಡಿ.

ಮಿಲ್ ಓಡುತ್ತಿರುವಾಗ ಒಂದು ಸುತ್ತು ಹಾಕಿ. ತೊಗರಿ ಸುರಿಯುವ ಗುಂಡಿ, ಕಾಳನ್ನು ಮೇಲಕ್ಕೆ ಸಾಗಿಸುವ ಎಲಿವೇಟರ್‌ನ ಬುಡ, ಜರಡಿ, ಸಿಪ್ಪೆ ತೆಗೆಯುವ ರೋಲರ್, ಚೀಲ ತುಂಬುವ ಜಾಗ, ಒಂದೊಂದನ್ನೂ ಬರೆದುಕೊಳ್ಳಿ. ಅಲ್ಲಲ್ಲಿ ಹುಡ್, ಅಂದರೆ ದೂಳನ್ನು ಎಳೆದುಕೊಳ್ಳುವ ಪೈಪಿನ ಬಾಯಿ, ಕೂರಿಸಬೇಕು, ಅದೂ ದೂಳಿಗೆ ತೀರಾ ಹತ್ತಿರ. ಪೈಪಿನ ಬಾಯಿ ಎಷ್ಟು ಅಗಲವೋ ಅಷ್ಟು ದೂರ ಸರಿದರೆ ಸಾಕು, ಎಳೆತ ಹೆಚ್ಚುಕಡಿಮೆ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಜರಡಿಯನ್ನು ತಗಡಿನಿಂದ ಮುಚ್ಚಿ ಒಳಗಿಂದ ಹೀರಿದರೆ ಕಡಿಮೆ ಗಾಳಿಯಲ್ಲೇ ಕೆಲಸ ಆಗುತ್ತದೆ, ಕರೆಂಟ್ ಬಿಲ್ಲೂ ಇಳಿಯುತ್ತದೆ. ಇಲ್ಲಿ ಖರ್ಚು ಮಾಡಲು ಹಿಂದೆಮುಂದೆ ನೋಡಬೇಡಿ.

ಇನ್ನು ಗಾಳಿಯ ಲೆಕ್ಕ. ಕಾಳಿನ ದೂಳು ಪೈಪಿನಲ್ಲಿ ಕೂರದಿರಲು ಸೆಕೆಂಡಿಗೆ 18ರಿಂದ 20 ಮೀಟರ್ ವೇಗ ಬೇಕು. ಕಡಿಮೆಯಾದರೆ ಪೈಪ್ ಕಟ್ಟಿಕೊಳ್ಳುತ್ತದೆ, ಜಾಸ್ತಿಯಾದರೆ ಬೆಂಡ್‌ಗಳು ಸವೆಯುತ್ತವೆ. 20 ಮೀಟರ್ ವೇಗದಲ್ಲಿ 150 ಮಿ.ಮೀ. ಪೈಪ್ ಗಂಟೆಗೆ ಸುಮಾರು 1,270 ಘನ ಮೀಟರ್ ಗಾಳಿ ಎಳೆಯುತ್ತದೆ. ಅಂಥ 5 ಹುಡ್ ಇದ್ದರೆ ಸುಮಾರು 6,350 ಘನ ಮೀಟರ್.

ಹೊಟ್ಟು ಮತ್ತು ದಪ್ಪ ದೂಳಿಗೆ ಸೈಕ್ಲೋನ್ (ಗಾಳಿಯನ್ನು ಸುತ್ತಿಸಿ ದೂಳನ್ನು ಕೆಳಗೆ ಬೀಳಿಸುವ ಆಲಿಕೆಯಂಥ ಡಬ್ಬ) ಸಾಕು. ಹೊಟ್ಟು ದನದ ಮೇವಿಗೆ ಮಾರಾಟವಾಗುವುದರಿಂದ ಅದು ಬೇರೆಯಾಗಿ ಬೀಳುವುದೂ ಲಾಭವೇ. ಆದರೆ ಎದೆಗೆ ಇಳಿಯುವ ನಯವಾದ ಪುಡಿ ಸೈಕ್ಲೋನಿನಲ್ಲಿ ನಿಲ್ಲುವುದಿಲ್ಲ. ಸೈಕ್ಲೋನ್ ದಾಟಿದ ಗಾಳಿಗೆ ಬ್ಯಾಗ್ ಫಿಲ್ಟರ್, ಅಂದರೆ ಬಟ್ಟೆಯ ಚೀಲಗಳಲ್ಲಿ ಗಾಳಿ ಸೋಸುವ ಪೆಟ್ಟಿಗೆ, ಇರಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಒಂದು ಚದರ ಮೀಟರ್ ಬಟ್ಟೆಗೆ ನಿಮಿಷಕ್ಕೆ 1.5 ಘನ ಮೀಟರ್ ಗಾಳಿ ಎಂದು ಹಿಡಿದರೆ, ಮೇಲಿನ 5 ಹುಡ್‌ಗೆ ಸುಮಾರು 70 ಚದರ ಮೀಟರ್ ಬಟ್ಟೆ ಬೇಕು. ಬಟ್ಟೆ ಕಡಿಮೆ ಮಾಡಿ ರೇಟ್ ಇಳಿಸುವ ಕೊಟೇಷನ್ ಬೇಡ. ಬ್ಯಾಗ್‌ಗಳು ಬೇಗ ಕಟ್ಟಿಕೊಂಡು ಹುಡ್‌ನಲ್ಲಿ ಎಳೆತವೇ ಇರುವುದಿಲ್ಲ.

ಬೇಳೆ ದೂಳಿಗೆ ಬೆಂಕಿ ಹತ್ತುತ್ತದೆ. ಗಾಳಿಯಲ್ಲಿ ದಟ್ಟವಾಗಿ ತೇಲುವಾಗ ಒಂದು ಕಿಡಿ ತಾಗಿದರೆ ಸ್ಫೋಟವೇ ಆಗಬಹುದು. ಹಾಗಾಗಿ ಫಿಲ್ಟರನ್ನು ಕಟ್ಟಡದ ಹೊರಗೆ ಇಡಿ. ಸ್ಫೋಟವಾದರೆ ಒತ್ತಡ ಹೊರಹೋಗುವ ವೆಂಟ್ ಇರಲಿ, ಅದರ ಬಾಯಿ ಜನ ಓಡಾಡದ ಕಡೆಗಿರಲಿ. ಸ್ಥಿರ ವಿದ್ಯುತ್ತಿನ ಕಿಡಿ ಹುಟ್ಟದಂಥ ಆಂಟಿಸ್ಟಾಟಿಕ್ ಬ್ಯಾಗ್ ಹಾಕಿಸಿ, ಪೈಪುಗಳಿಗೆಲ್ಲ ಅರ್ಥಿಂಗ್ ಕೊಡಿಸಿ. ಮೊಳೆ, ಕಬ್ಬಿಣದ ಚೂರು ಹಿಡಿಯಲು ಕಾಳು ಬರುವ ದಾರಿಯಲ್ಲಿ ಮ್ಯಾಗ್ನೆಟ್ ಇಡಿ. ಫಿಲ್ಟರಿನ ಕೆಳಗೆ ರೋಟರಿ ಏರ್‌ಲಾಕ್ (ಗಾಳಿ ನುಗ್ಗದಂತೆ ದೂಳನ್ನಷ್ಟೇ ಕೆಳಗೆ ಬಿಡುವ ತಿರುಗುವ ಬಾಗಿಲು) ಬೇಕು.

ಗಾಳಿ ಎಳೆಯುವ ಫ್ಯಾನ್, ಅಂದರೆ ಬ್ಲೋವರ್, ಕೊನೆಗೆ. ಅದು ಫಿಲ್ಟರಿನ ಆಚೆ, ಶುದ್ಧ ಗಾಳಿಯ ಕಡೆ ಇದ್ದರೆ ಫ್ಯಾನ್ ಸವೆಯುವುದಿಲ್ಲ. ಹುಡ್, ಪೈಪ್, ಸೈಕ್ಲೋನ್, ಬ್ಯಾಗ್ ಎಲ್ಲದರ ತಡೆ ಕೂಡಿಸಿದ ಮೇಲೆಯೇ ಮೋಟರ್ ಎಷ್ಟು ಎಚ್‌ಪಿ ಎಂದು ಗೊತ್ತಾಗುವುದು. ಆ ಲೆಕ್ಕದ ಹಾಳೆಯನ್ನು ಕೊಟೇಷನ್ ಜೊತೆಗೇ ಕೇಳಿ ಇಸಿದುಕೊಳ್ಳಿ. ಫಿಲ್ಟರಿಗೆ ಒತ್ತಡದ ವ್ಯತ್ಯಾಸ ತೋರಿಸುವ ಮ್ಯಾನೋಮೀಟರ್ ಕೂರಿಸಿ, ಮೊದಲ ದಿನದ ರೀಡಿಂಗ್ ಬರೆದಿಡಿ. ಅದು ಏರುತ್ತಾ ಹೋದರೆ ಬ್ಯಾಗ್ ಬಿಚ್ಚಿ ನೋಡಬೇಕು.