ಯಾಕೆ ಅಂತ ಕೇಳೋದು ಬಿಟ್ಟೆ

ಕೋಲಾರದಲ್ಲಿ ಡಿಗ್ರಿ ಮಕ್ಕಳಿಗೆ ಮನಶ್ಶಾಸ್ತ್ರ ಹೇಳಿಕೊಡುತ್ತೇನೆ. ಅಕ್ಕನ ಮಗನ ವಿಷಯದಲ್ಲಿ ಮಾತ್ರ ಆ ಪಾಠ ಎರಡು ವರ್ಷ ಕೆಲಸಕ್ಕೇ ಬರಲಿಲ್ಲ.

ಹುಡುಗ ಪೊಲೀಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಮನೆಯಲ್ಲಿದ್ದ. ಊಟಕ್ಕೆ ಕೂತರೂ ಯಾರೂ ಸರಿಯಾಗಿ ಮಾತಾಡಿಸುತ್ತಿರಲಿಲ್ಲ. ಒಂದು ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಅವನು ಎಲ್ಲರಿಗೂ 'ಅಣ್ಣಾ'. ಮನಶ್ಶಾಸ್ತ್ರಜ್ಞ ಆರಿ ಕ್ರುಗ್ಲಾನ್ಸ್ಕಿ ಹೇಳುವುದೂ ಇದನ್ನೇ: ತನಗೆ ಬೆಲೆಯಿಲ್ಲ ಅನ್ನಿಸಿದವನು ಬೆಲೆ ಕೊಡುವ ಗುಂಪಿನ ಕಡೆಗೆ ವಾಲುತ್ತಾನೆ. ಕ್ಲಾಸಿನಲ್ಲಿ ಹೇಳುವವನಿಗೆ ಮನೆಯಲ್ಲೇ ಕಾಣಲಿಲ್ಲ ನೋಡಿ.

ಅವನ ಸಿಟ್ಟೆಲ್ಲ ಕೆ.ಸಿ. ವ್ಯಾಲಿ ನೀರಿನ ಮೇಲೆ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರಲ್ಲ, ಅದೇ. ಮೂರನೇ ಹಂತವೂ ಬೇಕು ಅನ್ನೋದು ನ್ಯಾಯವಾದ ಮಾತು. ಇವನು ಅಲ್ಲಿಗೇ ನಿಲ್ಲುತ್ತಿರಲಿಲ್ಲ. "ನೀರು ಬೇಕು ಅನ್ನೋ ರೈತರೂ ದ್ರೋಹಿಗಳೇ ಮಾವ, ಗುಂಡು ಹೊಡೀಬೇಕು." "ಯಾಕೋ?" ಅಂದರೆ ಹತ್ತು ಕಾರಣ ಕೊಡುತ್ತಿದ್ದ. ಒಂದೊಂದು ಕಾರಣಕ್ಕೂ ದನಿ ಏರುತ್ತಿತ್ತು. ನಂದೂ.

2013ರಲ್ಲಿ ಫಿಲಿಪ್ ಫರ್ನ್‌ಬ್ಯಾಕ್ ಅನ್ನೋ ಸಂಶೋಧಕ ಮತ್ತು ಜೊತೆಗಾರರು ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಸರ್ಕಾರದ ನೀತಿಯೊಂದನ್ನು ಯಾಕೆ ಒಪ್ಪುತ್ತೀರಿ ಅಂದಾಗ ಜನ ಪಟ್ಟು ಸಡಿಲಿಸಲಿಲ್ಲ. ಅದು ಹೇಗೆ ಕೆಲಸ ಮಾಡುತ್ತೆ, ಹಂತ ಹಂತವಾಗಿ ಹೇಳಿ ಅಂದಾಗ, ತಮಗೆ ಗೊತ್ತಿರೋದು ಕಮ್ಮಿ ಅಂತ ಅವರಿಗೇ ಅನ್ನಿಸಿತು. ನಿಲುವೂ ಕೊಂಚ ಮೆತ್ತಗಾಯಿತು. (ಆಮೇಲೆ ಬೇರೆಯವರು ಮಾಡಿ ನೋಡಿದಾಗ ನಿಲುವು ಅಷ್ಟು ಸುಲಭಕ್ಕೆ ಮೆತ್ತಗಾಗಲಿಲ್ಲ. ಇದೇನು ಮಂತ್ರವಲ್ಲ.)

ಒಂದು ಸಂಜೆ ಟೊಮೆಟೊ ಮಂಡಿಯ ಚೀಟಿ ಮಗುಚಿ ಅವನ ಕೈಗೆ ಕೊಟ್ಟೆ. "ಆ ನೀರು ನಮ್ಮ ಬೋರ್‌ವೆಲ್‌ಗೆ ಹೇಗೆ ಬರುತ್ತೆ, ಬರೆದು ತೋರಿಸು."

ಲಕ್ಷ್ಮೀಸಾಗರ ಕೆರೆ ತನಕ ಪೈಪು ಎಳೆದ.

"ಆಮೇಲೆ?"

"ಕೆರೆಯಿಂದ ಕೆರೆಗೆ ಹೋಗುತ್ತೆ."

"ಕೆರೆಯಿಂದ ಬೋರಿಗೆ?"

ಪೆನ್ನು ನಿಂತಿತು. "ಇಂಗುತ್ತೆ... ಮಣ್ಣಲ್ಲಿ ಏನೇನು ಉಳಿಯುತ್ತೆ, ಏನು ಕೆಳಗಿಳಿಯುತ್ತೆ, ಗೊತ್ತಿಲ್ಲ."

ಅಲ್ಲಿ ನಾನು ನಕ್ಕಿದ್ದರೆ ಎದ್ದು ಹೋಗುತ್ತಿದ್ದ. "ನನಗೂ ಗೊತ್ತಿಲ್ಲ ಕಣೋ" ಅಂದೆ. ಸುಳ್ಳೇನಲ್ಲ.

ಅಷ್ಟಕ್ಕೇ ಬದಲಾದ ಅಂತಲ್ಲ. ಗುಂಪು ಬಿಟ್ಟಿಲ್ಲ, ಮೂರನೇ ಹಂತಕ್ಕಾಗಿ ಈಗಲೂ ಜಗಳ ಆಡುತ್ತಾನೆ. ಆಡಲಿ ಬಿಡಿ. ಗುಂಡಿನ ಮಾತು ಮಾತ್ರ ಕಮ್ಮಿಯಾಗಿದೆ. ಮೊನ್ನೆ ಕೆರೆಗೆ ಹೋಗಿ ಬಾಟಲಿಯಲ್ಲಿ ನೀರು ತುಂಬಿಕೊಂಡು ಬಂದ. ಅಲ್ಲೇ ತೋಟದವರೊಬ್ಬರು ಕೂರಿಸಿ ಮುದ್ದೆ ಹಾಕಿದರಂತೆ. ಬಾಟಲಿ ಅಕ್ಕನ ಮನೆ ಫ್ರಿಜ್ ಮೇಲಿದೆ. ಎಲ್ಲಿ ಪರೀಕ್ಷೆ ಮಾಡಿಸೋದು ಅಂತ ವಿಚಾರಿಸುತ್ತಿದ್ದಾನೆ.