ಘಾಟಿ ಇಳಿಯುವ ಮೊದಲು ಬ್ರೇಕ್ ಆಯಿಲ್ ನೋಡಿ

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಹೊಸನಗರದ ಕಡೆಯಿಂದ ಕುಂದಾಪುರಕ್ಕೆ ಇಳಿಯುವ ಹುಲಿಕಲ್ ಘಾಟಿಯೂ ಸುಲಭದ್ದಲ್ಲ. ಉಡುಪಿಗೋ ಕೊಲ್ಲೂರಿಗೋ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊರಟ ಸಣ್ಣ ಕಾರಿನ ಬ್ರೇಕಿಗೆ ಇಂಥ ಇಳಿಜಾರಿನಲ್ಲಿ ಬಿಡುವೇ ಇರುವುದಿಲ್ಲ. ಹೊರಡುವ ಮುನ್ನ ಟೈರಿನ ಗಾಳಿ ನೋಡುತ್ತೇವೆ, ವೈಪರ್ ನೋಡುತ್ತೇವೆ. ಬ್ರೇಕ್ ಆಯಿಲ್ ಡಬ್ಬಿಯ ಕಡೆ ಕಣ್ಣು ಹಾಯಿಸುವವರು ಕಡಿಮೆ. ಹಾಯಿಸಿದವರೂ ಮಟ್ಟ ಸರಿಯಿದೆ ಎಂದು ಬಾನೆಟ್ ಮುಚ್ಚಿಬಿಡುತ್ತಾರೆ. ಮಲೆನಾಡಿನಲ್ಲಿ ಮಟ್ಟದಷ್ಟೇ ಮುಖ್ಯವಾದದ್ದು ಆ ಆಯಿಲ್ ಎಷ್ಟು ಹಳೆಯದು ಎಂಬುದು.

ಪೆಡಲ್ ತುಳಿದಾಗ ಪಾದದ ಒತ್ತಡವನ್ನು ನಾಲ್ಕೂ ಚಕ್ರಗಳಿಗೆ ಮುಟ್ಟಿಸುವುದು ಈ ದ್ರವವೇ. ಗ್ಲೈಕಾಲ್ ಜಾತಿಯ ರಾಸಾಯನಿಕಗಳಿಂದ ಮಾಡಿದ ಇದಕ್ಕೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಮಳೆಗಾಲದಲ್ಲಿ ಮುಚ್ಚಳ ಸಡಿಲವಾದ ಭರಣಿಯ ಉಪ್ಪು ನೀರೊಡೆಯುವ ಹಾಗೆ ಇದೂ ರಬ್ಬರ್ ಹೋಸ್‌ಗಳ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ ನಿಧಾನವಾಗಿ ನೀರನ್ನು ಒಳಗೆಳೆದುಕೊಳ್ಳುತ್ತದೆ. ಬ್ರೇಕ್ ಆಯಿಲ್‌ನ ದರ್ಜೆಗಳನ್ನು ಡಾಟ್ 3, ಡಾಟ್ 4 ಎಂದು ಕರೆಯುತ್ತಾರೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ಶೇ 3.7ರಷ್ಟು ನೀರು ಸೇರಿದಾಗ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ 230 ಇದ್ದದ್ದು 155 ಆಗುತ್ತದೆ. ಬ್ರೇಕ್ ಮೇಲಿಂದ ಕಾಲು ತೆಗೆಯದೆ ಘಾಟಿ ಇಳಿದರೆ ಚಕ್ರದ ಬಳಿಯ ಆಯಿಲ್ ಕುದಿಯುವಷ್ಟು ಕಾಯಬಹುದು. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೈಪಿನಲ್ಲಿ ಆವಿಯ ಗುಳ್ಳೆ ಎದ್ದರೆ ಪೆಡಲ್ ಮೆತ್ತಗೆ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ.

ಮಟ್ಟ ನೋಡುವ ಬಗೆ

ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಬಿಸಿ ಇಳಿಯಲು ಬಿಡಿ. ಬಾನೆಟ್ ಎತ್ತಿದರೆ ನಮ್ಮ ಬಹುತೇಕ ಕಾರುಗಳಲ್ಲಿ ಚಾಲಕನ ಬದಿಗೆ, ಗಾಜಿನ ಹತ್ತಿರದಲ್ಲಿ ಮಾಸ್ಟರ್ ಸಿಲಿಂಡರ್ (ಪೆಡಲಿನ ಒತ್ತಡವನ್ನು ಆಯಿಲ್‌ಗೆ ಕೊಡುವ ಭಾಗ) ಮೇಲೆ ಕೂತಿರುವ ಮಸುಕು ಬಿಳಿ ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ. ಅದರ ಮೈಮೇಲಿನ ಮಿನ್ ಮತ್ತು ಮ್ಯಾಕ್ಸ್ ಗೆರೆಗಳ ನಡುವೆ ಆಯಿಲ್ ಇರಬೇಕು. ಇಷ್ಟನ್ನು ನೋಡಲು ಮುಚ್ಚಳ ತೆರೆಯಬೇಡಿ. ಅದರಲ್ಲೂ ಮಳೆ ಹಿಡಿದ ದಿನ ತೆರೆಯಲೇಬೇಡಿ. ತೆರೆಯಲೇಬೇಕಾದರೆ ಮೊದಲು ಒಣಬಟ್ಟೆಯಿಂದ ಸುತ್ತಲಿನ ಕೆಮ್ಮಣ್ಣಿನ ಧೂಳನ್ನು ಒರೆಸಿ. ಒಂದು ಚಿಟಿಕೆ ಧೂಳೂ ಒಳಗೆ ಬೀಳಬಾರದು.

ಮಟ್ಟ ಕೆಳಗಿದ್ದರೆ ತಕ್ಷಣ ಸುರಿಯುವುದು ಸರಿಯಲ್ಲ. ಯಾಕೆ ಇಳಿಯಿತು ಎಂದು ಮೊದಲು ಕೇಳಿಕೊಳ್ಳಿ. ಬ್ರೇಕ್ ಪ್ಯಾಡ್ ಸವೆದಂತೆ ಮಟ್ಟ ತಿಂಗಳುಗಳ ಲೆಕ್ಕದಲ್ಲಿ ಇಳಿಯುವುದು ಸಹಜ. ಆಗ ನೋಡಬೇಕಾದದ್ದು ಪ್ಯಾಡನ್ನು. ಸವೆದ ಪ್ಯಾಡ್ ಇರುವಾಗಲೇ ಮ್ಯಾಕ್ಸ್‌ವರೆಗೆ ತುಂಬಿಸಿದರೆ ಹೊಸ ಪ್ಯಾಡ್ ಹಾಕುವ ದಿನ ಆಯಿಲ್ ಉಕ್ಕಿ ಚೆಲ್ಲುತ್ತದೆ. ಕೆಲವೇ ದಿನಗಳಲ್ಲಿ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಟೈರುಗಳ ಒಳಬದಿಯಲ್ಲಿ, ಪೆಡಲ್ ಮೇಲ್ಭಾಗದಲ್ಲಿ ಒದ್ದೆ ಇದೆಯೇ ನೋಡಿ. ಇದ್ದರೆ ಕಾರು ಓಡಿಸಬೇಡಿ, ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿದ ಮೇಲೂ ಬ್ರೇಕಿನ ಕೆಂಪು ದೀಪ ತಿರುವುಗಳಲ್ಲಿ ಮಿಣುಕುತ್ತಿದ್ದರೆ ಅದೂ ಮಟ್ಟ ಕಡಿಮೆಯಾದ ಸೂಚನೆ ಇರಬಹುದು.

ಬಣ್ಣವೂ ಸ್ವಲ್ಪ ಹೇಳುತ್ತದೆ. ಹೊಸದು ಸಾಮಾನ್ಯವಾಗಿ ತಿಳಿಹಳದಿ, ಹಳೆಯದು ಕಂದು. ಆದರೆ ನೀರಿಗೆ ಬಣ್ಣವಿಲ್ಲ. ತಿಳಿಯಾಗಿ ಕಾಣುವ ಆಯಿಲ್‌ನಲ್ಲೂ ತೇವ ಇರಬಹುದು. ಅದನ್ನು ಅಳೆಯುವ ಪೆನ್ನಿನಂಥ ಉಪಕರಣ ಕೆಲವು ಗ್ಯಾರೇಜ್‌ಗಳಲ್ಲಿ ಇರುತ್ತದೆ, ಕೇಳಿ ನೋಡಿ.

ಯಾವುದು, ಯಾವಾಗ

ಡಾಟ್ 3 ಅಥವಾ ಡಾಟ್ 4 ಎಂದು ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ. ಅದನ್ನೇ ಕೊಳ್ಳಿ. ಸಿಲಿಕೋನ್‌ನಿಂದ ಮಾಡಿದ ಡಾಟ್ 5 ಇವುಗಳ ಜೊತೆ ಬೆರೆಯುವಂಥದ್ದಲ್ಲ. ಎಂಜಿನ್ ಆಯಿಲ್ ಅಪ್ಪಿತಪ್ಪಿ ಬಿದ್ದರಂತೂ ಒಳಗಿನ ರಬ್ಬರ್ ಸೀಲುಗಳು ಊದಿಕೊಂಡು ಇಡೀ ವ್ಯವಸ್ಥೆ ಕೆಡುತ್ತದೆ. ಸೀಲ್ ಒಡೆಯದ ಸಣ್ಣ ಬಾಟಲಿ ಸಾಕು. ಕಳೆದ ವರ್ಷ ತೆರೆದು ಉಳಿಸಿದ್ದನ್ನು ಹಾಕಬೇಡಿ, ಅದು ಬಾಟಲಿಯಲ್ಲಿ ಕೂತೇ ತೇವ ಕುಡಿದಿರುತ್ತದೆ. ಕಾರಿನ ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ಧಾರಾಳವಾಗಿ ನೀರು ಸುರಿದು ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಏಳುತ್ತದೆ.

ಅನೇಕ ಕಂಪನಿಗಳು ಎರಡು ವರ್ಷಕ್ಕೆ ಅಥವಾ 40,000 ಕಿಲೋಮೀಟರ್‌ಗೆ, ಯಾವುದು ಮೊದಲೋ ಆಗ, ಬದಲಾಯಿಸಲು ಹೇಳುತ್ತವೆ. ನಿಮ್ಮ ಕಾರಿನ ಕೈಪಿಡಿ ನೋಡಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಕಿಲೋಮೀಟರನ್ನು ಮರೆತು ವರ್ಷವನ್ನಷ್ಟೇ ಲೆಕ್ಕ ಇಡಬೇಕು ಎನ್ನುತ್ತೇನೆ. ಶೆಡ್ಡಿನಲ್ಲೇ ನಿಂತ ಕಾರಿನ ಆಯಿಲ್ ಕೂಡ ತೇವ ಹೀರುತ್ತಲೇ ಇರುತ್ತದೆ. ಮುಂಗಾರು ಹಿಡಿಯುವ ಮೊದಲು ಈ ಕೆಲಸ ಮುಗಿಸುವುದು ಒಳ್ಳೆಯದು.

ಬದಲಾವಣೆಯನ್ನು ಗ್ಯಾರೇಜಿಗೇ ಬಿಡಿ. ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಕೆಲವು ಕಾರುಗಳಿಗೆ ಬೇರೆ ಉಪಕರಣವೂ ಬೇಕು. ಆದರೆ ಪಕ್ಕದಲ್ಲಿ ನಿಂತು ನೋಡಿ. ಡಬ್ಬಿಯಲ್ಲಿರುವುದನ್ನಷ್ಟೇ ಸಿರಿಂಜ್‌ನಲ್ಲಿ ಎಳೆದು ಹೊಸದು ಸುರಿದರೆ ಬದಲಾಯಿಸಿದಂತಾಗದು. ಕುದಿಯುವ ಅಪಾಯವಿರುವ ಹಳೆಯ ಆಯಿಲ್ ಚಕ್ರದ ಬಳಿಯೇ ಉಳಿದಿರುತ್ತದೆ. ನಾಲ್ಕೂ ಚಕ್ರಗಳ ಬಳಿ ಆಯಿಲ್ ಹೊರಬಿಡಲು ಇರುವ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಗುಳ್ಳೆ ನಿಂತು ತಿಳಿ ಆಯಿಲ್ ಬರುವವರೆಗೆ ಬ್ಲೀಡ್ ಮಾಡಬೇಕು, ಅಂದರೆ ಹಳೆಯ ಆಯಿಲ್ ಮತ್ತು ಗಾಳಿಯನ್ನು ಹೊರಹಾಕಬೇಕು. ಆ ಹೊತ್ತಿನಲ್ಲಿ ಮೇಲಿನ ಡಬ್ಬಿ ಬರಿದಾಗಬಾರದು, ಬರಿದಾದರೆ ಗಾಳಿ ಒಳಹೋಗುತ್ತದೆ. ಕೆಲಸ ಮುಗಿದ ಮೇಲೆ ಪೆಡಲ್ ಗಟ್ಟಿಯಾಗಿ, ಎತ್ತರದಲ್ಲೇ ನಿಲ್ಲಬೇಕು. ಹೊರತೆಗೆದ ಆಯಿಲ್ ವಿಷ; ಚರಂಡಿಗೂ ತೋಟಕ್ಕೂ ಹೋಗಬಾರದು.

ಘಾಟಿಯಲ್ಲಿ ಯಾವ ಗೇರಿನಲ್ಲಿ ಹತ್ತುತ್ತೀರೋ ಅದರಲ್ಲೇ ಇಳಿಯಿರಿ. ಎಂಜಿನ್ ಆರಿಸಿ ಇಳಿದರೆ ಪಾದದ ಒತ್ತಡವನ್ನು ಹೆಚ್ಚಿಸುವ ಬೂಸ್ಟರಿನ ಬಲವೂ ಪೆಡಲಿಗೆ ತಪ್ಪುತ್ತದೆ. ಪೆಡಲ್ ಮೆತ್ತಗಾದರೆ ಬೇಗಬೇಗ ಹಲವು ಬಾರಿ ತುಳಿಯಿರಿ, ಗೇರ್ ಒಂದೊಂದಾಗಿ ಇಳಿಸಿ, ಹ್ಯಾಂಡ್‌ಬ್ರೇಕನ್ನು ನಿಧಾನವಾಗಿ ಎಳೆದು ಗುಡ್ಡದ ಬದಿಗೆ ನಿಲ್ಲಿಸಿ. ಕಾವು ಇಳಿದ ಮೇಲೆ ಪೆಡಲ್ ಮತ್ತೆ ಗಟ್ಟಿಯಾದೀತು. ಅದನ್ನು ನಂಬಿ ಉಳಿದ ತಿರುವುಗಳನ್ನು ಇಳಿಯಬೇಡಿ, ಸಹಾಯ ಕರೆಸಿ.