ಅಡ್ಡಿಗಳನ್ನೂ ಕ್ಯಾಲೆಂಡರಿನಲ್ಲಿ ಬರೆದಿಡಿ

ಮದುವೆಯಾಗಿ 14 ವರ್ಷದ ಮೇಲೆ ದೂರಶಿಕ್ಷಣದಲ್ಲಿ ಬಿ.ಎ.ಗೆ ಸೇರಿದೆ. ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ದಿನಾ ಒಂದು ತಾಸು ಓದಬೇಕು ಅಂದುಕೊಂಡಿದ್ದೆ. ಮೊದಲ ವರ್ಷವೇ ಎರಡು ಪೇಪರ್ ಹೋದವು. ಮಳೆ, ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವ ಕೆಲಸ), ನೆಂಟರು, 2024ರ ಮಾರ್ಚಿನಲ್ಲಿ ಮಾರಿಕಾಂಬಾ ಜಾತ್ರೆ. ಎಲ್ಲದರ ಮೇಲೂ ತಪ್ಪು ಹಾಕಿದೆ. ಆಮೇಲೆ ಕೂತು ನೋಡಿದರೆ, ಇದರಲ್ಲಿ ಹೇಳದೆ ಬಂದದ್ದು ಯಾವುದು? ಜೂನ್‌ನಲ್ಲಿ ಮಳೆ ಬರುತ್ತದೆ. ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ.

ಹಾಗಾಗಿ ಗುರಿ ಬರೆದ ದಿನವೇ ಅಡ್ಡಿಗಳನ್ನೂ ಬರೆಯಿರಿ. "ಟೈಮ್ ಸಿಗುವುದಿಲ್ಲ" ಅಂತ ಬರೆದರೆ ಉಪಯೋಗ ಇಲ್ಲ. "ಜುಲೈನಲ್ಲಿ ಸಂಜೆ ಕರೆಂಟ್ ಹೋಗುತ್ತದೆ" ಅಂತ ಬರೆಯಿರಿ. ಅದರ ಎದುರಿಗೆ ಒಂದೇ ಸಾಲು: ಹೀಗಾದರೆ ಹೀಗೆ ಮಾಡುತ್ತೇನೆ. ಪೀಟರ್ ಗೋಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಇಂಥ ಯೋಜನೆಯ ಬಗ್ಗೆಯೇ ಲೇಖನ ಬರೆದಿದ್ದಾರೆ. ಆ ಹೊತ್ತು ಬಂದಾಗ ಹೊಸದಾಗಿ ತೀರ್ಮಾನ ಮಾಡುವ ಕೆಲಸ ಉಳಿಯುವುದಿಲ್ಲ, ಅದೇ ಇದರ ಬಲ. ಸುಸ್ತಾದಾಗ ಮನಸ್ಸು "ನಾಳೆ" ಅಂತಲೇ ಹೇಳುವುದು, ಅಲ್ವಾ?

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಕೊನೆಕೊಯ್ಲು. ರಾತ್ರಿ ಊಟ ಮುಗಿಸಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತರೆ ಏಳುವಾಗ ಹನ್ನೊಂದು. ಹಸಿ ಅಡಿಕೆಯ ಕಲೆ ಹತ್ತಿ ಬೆರಳು ಕಪ್ಪಾಗಿರುತ್ತದೆ, ಪುಸ್ತಕ ಮುಟ್ಟುವ ಹಾಗಿಲ್ಲ. ಎರಡನೇ ವರ್ಷ ಹೀಗೆ ಬರೆದೆ: "ಸುಲಿಯಲು ಕೂತರೆ, ಪಾಠ ಕೇಳುತ್ತೇನೆ." ಅಕ್ಟೋಬರಿನಲ್ಲೇ ಇತಿಹಾಸದ ಪಾಠಗಳನ್ನು ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟೆ. ಒಂದೊಂದೂ 15 ನಿಮಿಷದ ಒಳಗೆ. ಉದ್ದವಾದರೆ ನಡುವೆ ಬೇಕಾದ ಜಾಗ ಹುಡುಕಬೇಕು, ಅದಕ್ಕೆ ಕೈ ಖಾಲಿ ಇರುವುದಿಲ್ಲ. ಮೊಬೈಲನ್ನು ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿ ಜಗಲಿಯ ಕಂಬಕ್ಕೆ ನೇತುಹಾಕುತ್ತಿದ್ದೆ. ಒಂದು ವಾರ ಕಳೆದ ಮೇಲೆ ಅತ್ತೆಯೇ ಕೇಳಿದರು, "ನಿನ್ನೆ ಆ ಬನವಾಸಿ ಅರಸಂದು ಎಲ್ಲಿಗೆ ನಿಂತಿತ್ತು?"

ಮಳೆಗಾಲಕ್ಕೆ ಚಾರ್ಜಿಂಗ್ ಲೈಟು ಸಾಕಾಯಿತು. ಅದನ್ನು ಮಧ್ಯಾಹ್ನ ಪಾತ್ರೆ ತೊಳೆದ ಕೂಡಲೇ ಚಾರ್ಜಿಗೆ ಹಾಕುತ್ತೇನೆ. ಸಂಜೆ ನೆನಪಾದರೆ ಕರೆಂಟ್ ಹೋಗಿರುತ್ತದೆ. ನೆಂಟರು ಬಂದರೆ ಓದು ಬೆಳಿಗ್ಗೆ ಐದಕ್ಕೆ. ಇದನ್ನು ಮನೆಯವರಿಗೆ ಮೊದಲೇ ಹೇಳಿಡಿ. ಬೇರೆಯವರ ಸಹಾಯ ಬೇಕಾದ ಯೋಜನೆ ನಿಮ್ಮ ಮನಸ್ಸಿನಲ್ಲೇ ಇದ್ದರೆ ಆಗುವುದಿಲ್ಲ.

ಹೊರಗಿನ ಅಡ್ಡಿ ಬರೆದಾದ ಮೇಲೆ ಒಳಗಿನದನ್ನು ಹುಡುಕಿ. ಗಾಬ್ರಿಯೆಲೆ ಓಟಿಂಗೆನ್ ಎಂಬ ಸಂಶೋಧಕಿ ಇದಕ್ಕೇ ಒತ್ತು ಕೊಡುತ್ತಾರೆ. ನನಗೆ ಇದನ್ನು ಒಪ್ಪಿಕೊಳ್ಳಲು ಜಾಸ್ತಿ ದಿನ ಹಿಡಿಯಿತು. ಒಂದು ದಿನ ತಪ್ಪಿದರೆ ಸಾಕು, "ಇನ್ನು ಸೋಮವಾರದಿಂದ" ಅಂತ ಇಡೀ ವಾರ ಬಿಡುತ್ತಿದ್ದೆ. ಮಳೆ, ಜಾತ್ರೆ ಎರಡೂ ಸೇರಿ ಕಳೆದದ್ದಕ್ಕಿಂತ ಹೆಚ್ಚು ದಿನ ಹೀಗೇ ಹೋಗಿತ್ತು. ಅದಕ್ಕೂ ಸಾಲು ಬರೆದೆ: "ಒಂದು ದಿನ ತಪ್ಪಿದರೆ, ಮರುದಿನ ಚಹಾ ಕುಡಿಯುತ್ತ ಒಂದೇ ಪುಟ." ಇಲ್ಲಿ ಪುಟ ಹೆಚ್ಚಿಸಲು ಹೋಗಬೇಡಿ. ತಪ್ಪಿದ್ದನ್ನೆಲ್ಲ ಒಟ್ಟಿಗೆ ತುಂಬಿಸಲು ಹೊರಟರೆ ಮತ್ತೆ ಬಿಟ್ಟುಹೋಗುತ್ತದೆ.

ಎಲ್ಲ ಅಡ್ಡಿಯನ್ನೂ ಗೆಲ್ಲಬೇಕಾಗಿಲ್ಲ. ಮುಂದಿನ ಜಾತ್ರೆಯ ದಿನಗಳ ಎದುರು "ಓದು ಇಲ್ಲ" ಅಂತಲೇ ಬರೆದೆ. ಮಗಳ ಕೈ ಹಿಡಿದು ನಿಶ್ಚಿಂತೆಯಿಂದ ಬಳೆ ಅಂಗಡಿ ಸುತ್ತಿದೆ. ಜಾತ್ರೆ ಮುಗಿದ ಮರುದಿನ ಎಲ್ಲಿಂದ ಶುರು ಅನ್ನುವುದಕ್ಕೆ ಪುಸ್ತಕದಲ್ಲಿ ಮೊದಲೇ ಚೀಟಿ ಇಟ್ಟಿದ್ದೆ.